ಇಳಿಯಲು ಒಂದಿಷ್ಟು ನೆಲ

2023ರ ಮಾರ್ಚ್ 6ರಂದು ಕಲಬುರಗಿ ಜಿಲ್ಲೆಯ ಜೇವರ್ಗಿಯಲ್ಲಿ ಮಾಜಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರಿದ್ದ ಹೆಲಿಕಾಪ್ಟರ್ ಇನ್ನೇನು ನೆಲ ಮುಟ್ಟಬೇಕು ಎನ್ನುವಷ್ಟರಲ್ಲಿ ಮತ್ತೆ ಮೇಲಕ್ಕೆದ್ದಿತು. ಎಂಜಿನ್ ಕೆಟ್ಟಿರಲಿಲ್ಲ, ಮಳೆ ಮೋಡಗಳ ಕಾಟವೂ ಇರಲಿಲ್ಲ. ಸುತ್ತ ಬಿದ್ದಿದ್ದ ಪ್ಲಾಸ್ಟಿಕ್ ಹಾಳೆಗಳು, ಚೀಲಗಳು ರೆಕ್ಕೆಯ ಗಾಳಿಗೆ ಮೇಲೆದ್ದು ಹೆಲಿಕಾಪ್ಟರಿನ ಸುತ್ತ ಹಾರಾಡತೊಡಗಿದ್ದವು. ಕಸವನ್ನೆಲ್ಲ ತೆರವು ಮಾಡಿದ ಮೇಲಷ್ಟೇ ಅದು ಕೆಳಗಿಳಿಯಿತು.

ಚುನಾವಣೆ ಬಂತೆಂದರೆ ನಮ್ಮ ತಾಲ್ಲೂಕು ಕೇಂದ್ರಗಳ ಹೈಸ್ಕೂಲು ಮೈದಾನಗಳೆಲ್ಲ ಒಂದೆರಡು ಗಂಟೆಗಳ ಮಟ್ಟಿಗೆ ವಿಮಾನ ನಿಲ್ದಾಣಗಳಾಗುತ್ತವೆ. ಸುಣ್ಣದಲ್ಲಿ ದೊಡ್ಡದೊಂದು ವೃತ್ತ ಬರೆದು ಅದರೊಳಗೆ ‘ಎಚ್’ ಅಕ್ಷರ ಮೂಡಿಸುತ್ತಾರೆ. ಟ್ಯಾಂಕರಿನಲ್ಲಿ ನೀರು ತಂದು ಚಿಮುಕಿಸುತ್ತಾರೆ. ಅಗ್ನಿಶಾಮಕ ದಳದ ವಾಹನ ಬಂದು ನಿಲ್ಲುತ್ತದೆ. ನೋಡಲು ನೆರೆದವರಿಗೆ ಇದೆಲ್ಲ ದೊಡ್ಡವರ ಸ್ವಾಗತಕ್ಕೆ ಮಾಡುವ ಆಡಂಬರವೆನ್ನಿಸಬಹುದು. ಆದರೆ ಆ ನೀರಿಗೂ ಸುಣ್ಣಕ್ಕೂ ಹಿಂದೆ ಸುಮಾರು ಎಂಬತ್ತು ವರ್ಷಗಳ ಕಥೆಯಿದೆ. ಅದರಲ್ಲಿ ಸಾವುಗಳೂ ಸೇರಿವೆ.

ವಿಮಾನಕ್ಕೆ ಓಡಲು ಉದ್ದನೆಯ ದಾರಿ ಬೇಕು, ಹೆಲಿಕಾಪ್ಟರಿಗೆ ಬೇಡ. ಆ ಯಂತ್ರದ ಹೆಗ್ಗಳಿಕೆಯೇ ಅದು. ಇಗೋರ್ ಸಿಕೋರ್ಸ್ಕಿ ಅಮೆರಿಕದ ಕನೆಕ್ಟಿಕಟ್ಟಿನಲ್ಲಿ ತಮ್ಮ ವಿಎಸ್-300 ಯಂತ್ರವನ್ನು ನೆಲದಿಂದ ಮೇಲೆತ್ತಿದ್ದು 1939ರ ಸೆಪ್ಟೆಂಬರ್ 14ರಂದು. ಅದೂ ಕೈಮೀರಿ ಹೋಗದಂತೆ ಹಗ್ಗ ಬಿಗಿದುಕೊಂಡು. ಅದಾಗಿ ನಾಲ್ಕೇ ವರ್ಷಗಳ ಮೇಲೆ, 1944ರ ಜನವರಿ 3ರಂದು, ನ್ಯೂಯಾರ್ಕ್ ಬಂದರಿನ ಬಾಯಿಯಲ್ಲಿ ‘ಟರ್ನರ್’ ಎಂಬ ಯುದ್ಧನೌಕೆ ಸಿಡಿಯಿತು. ಗಾಯಾಳುಗಳಿಗೆ ರಕ್ತದ ಪ್ಲಾಸ್ಮಾ ತುರ್ತಾಗಿ ಬೇಕಿತ್ತು. ಹಿಮ ಬೀಳುತ್ತಿದ್ದುದರಿಂದ ವಿಮಾನಗಳು ಹಾರುವಂತಿರಲಿಲ್ಲ. ಕರಾವಳಿ ರಕ್ಷಣಾ ಪಡೆಯ ಫ್ರಾಂಕ್ ಎರಿಕ್ಸನ್ ಸಿಕೋರ್ಸ್ಕಿಯ ಹೆಲಿಕಾಪ್ಟರನ್ನು ಮ್ಯಾನ್‌ಹಟನ್ನಿನ ದಕ್ಷಿಣ ತುದಿಯ ಬ್ಯಾಟರಿ ಪಾರ್ಕಿನಲ್ಲಿ ಇಳಿಸಿ, ಪ್ಲಾಸ್ಮಾದ ಎರಡು ಪೆಟ್ಟಿಗೆಗಳನ್ನು ಅದರ ತೇಲುಗಾಲುಗಳಿಗೆ ಕಟ್ಟಿ, ಹದಿನಾಲ್ಕು ನಿಮಿಷಗಳಲ್ಲಿ ಸ್ಯಾಂಡಿ ಹುಕ್ಕಿನ ಆಸ್ಪತ್ರೆಗೆ ಮುಟ್ಟಿಸಿದರು. ಊರ ನಡುವಿನ ಉದ್ಯಾನವೊಂದು ಜೀವ ಉಳಿಸುವ ಕೆಲಸಕ್ಕಾಗಿ ನಿಲ್ದಾಣವಾದದ್ದು ಹೀಗೆ.

ಆ ವರ್ಷದ ಏಪ್ರಿಲಿನಲ್ಲಿ ಇದೇ ಕೆಲಸ ಭಾರತದ ಗಡಿಯಾಚೆ ನಡೆಯಿತು. ಬರ್ಮಾದ ಕಾಡಿನಲ್ಲಿ, ಜಪಾನಿ ಪಡೆಗಳ ಬೆನ್ನ ಹಿಂದೆ, ಒಂದು ಸಣ್ಣ ವಿಮಾನ ಬಿದ್ದಿತ್ತು. ಅದರ ಅಮೆರಿಕನ್ ಪೈಲಟ್ ಹಾಗೂ ಗಾಯಗೊಂಡ ಮೂವರು ಬ್ರಿಟಿಷ್ ಸೈನಿಕರು ಅಲ್ಲಿಯೇ ಸಿಕ್ಕಿಕೊಂಡಿದ್ದರು. ಅಸ್ಸಾಮಿನ ಬರಾಕ್ ಕಣಿವೆಯ ಲಾಲಾಘಾಟಿನಿಂದ ಲೆಫ್ಟಿನೆಂಟ್ ಕಾರ್ಟರ್ ಹಾರ್ಮನ್ ತಮ್ಮ ವೈಆರ್-4 ಹೆಲಿಕಾಪ್ಟರಿನಲ್ಲಿ ಬೆಟ್ಟ ದಾಟಿ, ಅಲ್ಲಲ್ಲಿ ಇಂಧನ ತುಂಬಿಸಿಕೊಳ್ಳುತ್ತ ಹೊರಟರು. ಅದರ ಎಂಜಿನ್ನಿನ ಶಕ್ತಿ ಇನ್ನೂರು ಅಶ್ವಶಕ್ತಿಗೂ ಕಡಿಮೆ. ಸೆಖೆಯ ಗಾಳಿ ತೆಳು. ತೆಳು ಗಾಳಿಯಲ್ಲಿ ರೆಕ್ಕೆಗಳಿಗೂ ಎಂಜಿನ್ನಿಗೂ ಕಸುವು ಸಾಲದು. ಹೀಗಾಗಿ ಪೈಲಟ್ಟಿನ ಜೊತೆ ಒಬ್ಬನನ್ನು ಮಾತ್ರ ಕೂರಿಸಬಹುದಿತ್ತು. ಹಾರ್ಮನ್ ಒಬ್ಬೊಬ್ಬರನ್ನೇ ಎತ್ತಿಕೊಂಡು ನದಿಯ ಮರಳುದಿಬ್ಬವೊಂದಕ್ಕೆ ತಂದು ಬಿಟ್ಟರು. ಅಲ್ಲಿಂದ ಮುಂದೆ ಹಗುರ ವಿಮಾನವೊಂದು ಅವರನ್ನು ಸಾಗಿಸಿತು. ಇಬ್ಬರನ್ನು ತರುವಷ್ಟರಲ್ಲಿ ಎಂಜಿನ್ ಕಾದು ಮುಷ್ಕರ ಹೂಡಿತು. ರಾತ್ರಿಯೆಲ್ಲ ಮರಳಿನ ಮೇಲೆ ಕಳೆದು ಮರುದಿನ, ಏಪ್ರಿಲ್ 26ರಂದು, ಉಳಿದಿಬ್ಬರನ್ನೂ ತಂದರು. ಯುದ್ಧರಂಗದಲ್ಲಿ ಹೆಲಿಕಾಪ್ಟರ್ ಮಾಡಿದ ಮೊದಲ ರಕ್ಷಣೆಯೆಂದು ಇದು ದಾಖಲಾಗಿದೆ. ಅಂದಹಾಗೆ, ಈ ಹಾರ್ಮನ್ ಮುಂದೆ ಸಂಗೀತ ವಿಮರ್ಶಕರೆಂದು ಹೆಸರಾದರು.

ಹೆಲಿಕಾಪ್ಟರ್ ಇಳಿಯುವುದನ್ನು ದೂರದಿಂದ ನೋಡಿದವರಿಗೆ ಅದು ಬಾವಿಗೆ ಇಳಿಬಿಟ್ಟ ಕೊಡದಂತೆ ನೇರ ಕೆಳಗಿಳಿಯುತ್ತದೆ ಎನ್ನಿಸುತ್ತದೆ. ಅನುಭವಿ ಪೈಲಟ್ಟು ಸಾಧ್ಯವಾದಷ್ಟೂ ಹಾಗೆ ಮಾಡುವುದಿಲ್ಲ. ಮೊದಲು ಜಾಗದ ಸುತ್ತ ಒಂದು ಸುತ್ತು ಹಾಕಿ ಗಾಳಿ ಎತ್ತಣಿಂದ ಬೀಸುತ್ತಿದೆ, ವಿದ್ಯುತ್ ತಂತಿಗಳು ಎಲ್ಲಿ ಹಾದಿವೆ, ನೆಲ ಎಷ್ಟು ಇಳಿಜಾರು ಎಂದು ನೋಡುತ್ತಾನೆ. ಬಳಿಕ ಗಾಳಿಗೆ ಮುಖಕೊಟ್ಟು ಓರೆಯಾಗಿ ಬರುತ್ತಾನೆ. ನಿಧಾನವಾಗಿ ಮುಂದೆ ಸಾಗುತ್ತ ಬೇಗ ಬೇಗ ಕೆಳಗಿಳಿದರೆ ಹೆಲಿಕಾಪ್ಟರ್ ತಾನೇ ಕೆಳಗೆ ತಳ್ಳಿದ ಗಾಳಿಯ ಸುಳಿಯೊಳಗೆ ಸಿಲುಕುತ್ತದೆ. ಆಗ ಎಂಜಿನ್ನಿಗೆ ಹೆಚ್ಚು ಕಸುವು ಕೊಟ್ಟಷ್ಟೂ ಸುಳಿ ಬಲಿಯುತ್ತದೆಯೇ ಹೊರತು ಯಂತ್ರ ಮೇಲೇಳುವುದಿಲ್ಲ; ಮುಂದಕ್ಕೋ ಪಕ್ಕಕ್ಕೋ ಸರಿದು ಪಾರಾಗಬೇಕು. ನೆಲಕ್ಕೆ ತೀರ ಹತ್ತಿರ ಬಂದಾಗ ಮಾತ್ರ ನೆಲವೇ ನೆರವಾಗುತ್ತದೆ. ಕೆಳಕ್ಕೆ ಹರಿಯುವ ಗಾಳಿಗೆ ನೆಲ ಅಡ್ಡವಾಗುವುದರಿಂದ, ಸುಮಾರು ರೆಕ್ಕೆಗಳ ವ್ಯಾಸದಷ್ಟು ಎತ್ತರದೊಳಗೆ, ಕಡಿಮೆ ಕಸುವಿನಲ್ಲಿ ತೇಲಿ ನಿಲ್ಲಬಹುದು.

ಸುತ್ತ ಗೋಡೆಗಳಿದ್ದರೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. 2011ರ ಮೇ 2ರ ರಾತ್ರಿ ಪಾಕಿಸ್ತಾನದ ಅಬೊಟಾಬಾದಿನಲ್ಲಿ ಒಸಾಮಾ ಬಿನ್ ಲಾದೆನ್ನನ ಮನೆಯ ಅಂಗಳದ ಮೇಲೆ ತೇಲಿ ನಿಂತ ಅಮೆರಿಕದ ಹೆಲಿಕಾಪ್ಟರ್ ಆಧಾರ ಕಳೆದುಕೊಂಡು ನೆಲಕ್ಕಪ್ಪಳಿಸಿತು. ಅದರ ಬಾಲ ಗೋಡೆಗೆ ತಗುಲಿತು. ತಿಂಗಳುಗಟ್ಟಲೆ ಯೋಜನೆ, ಅಭ್ಯಾಸ ಎಲ್ಲವೂ ನಡೆದಿದ್ದವು. ಆದರೆ ಅಭ್ಯಾಸಕ್ಕೆಂದು ಕಟ್ಟಿದ ಮಾದರಿಯಲ್ಲಿ ಆ ಎತ್ತರದ ಗೋಡೆಯ ಬದಲು ತಂತಿಬೇಲಿ ಇತ್ತಂತೆ. ಬೇಲಿಯ ಸಂದಿಯಿಂದ ಗಾಳಿ ಹೊರಹೋಗುತ್ತದೆ. ಗೋಡೆಯಾದರೆ ಅದನ್ನು ತಿರುಗಿ ಮೇಲಕ್ಕೆ ಕಳಿಸುತ್ತದೆ.

ಧೂಳಿನದು ಇನ್ನೊಂದು ಕಥೆ. ಟೆಹರಾನಿನಲ್ಲಿ ಒತ್ತೆಯಾಳುಗಳಾಗಿದ್ದವರನ್ನು ಬಿಡಿಸಲು ಹೊರಟ ಅಮೆರಿಕದ ಪಡೆ 1980ರ ಏಪ್ರಿಲಿನಲ್ಲಿ ಇರಾನಿನ ಮರುಭೂಮಿಯಲ್ಲಿ ಇಳಿಯಿತು. ಕಾರ್ಯಾಚರಣೆ ರದ್ದಾಗಿ ಹಿಂತಿರುಗುವ ಹೊತ್ತಿನಲ್ಲಿ, ಜಾಗ ಬದಲಿಸಲು ತುಸುವೇ ಮೇಲೆದ್ದ ಹೆಲಿಕಾಪ್ಟರೊಂದು ತಾನೇ ಎಬ್ಬಿಸಿದ ಧೂಳಿನಲ್ಲಿ ದಾರಿಗಾಣದೆ, ನಿಂತಿದ್ದ ಸಾಗಣೆ ವಿಮಾನಕ್ಕೆ ಬಡಿಯಿತು. ಎಂಟು ಮಂದಿ ಸತ್ತರು. ನಮ್ಮ ಹೈಸ್ಕೂಲು ಮೈದಾನಕ್ಕೆ ಚಿಮುಕಿಸುವ ಟ್ಯಾಂಕರ್ ನೀರಿನ ಬೆಲೆ ಇಂಥ ಕಡೆ ತಿಳಿಯುತ್ತದೆ.

ಮರುಭೂಮಿಯಲ್ಲಿ ಧೂಳು ಮಾಡುವ ಕೆಲಸವನ್ನೇ ಬೆಟ್ಟದ ಮೇಲೆ ಹಿಮಪುಡಿ ಮಾಡುತ್ತದೆ. ಇದನ್ನು ಯೂರೋಪು ಕಲಿತದ್ದು ಬಹಳ ಕಹಿಯಾಗಿ.

1956ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನ ಜಾನ್ ವಾಂಸಾಂದೋ ಮತ್ತು ಬ್ರಸೆಲ್ಸಿನ ಫ್ರಾಂಸ್ವಾ ಆಂರಿ ಎಂಬಿಬ್ಬರು ಯುವಕರು ಫ್ರಾನ್ಸಿನ ಶಾಮೊನಿ ಪಟ್ಟಣದಿಂದ ಮೋಂ ಬ್ಲಾಂ ಪರ್ವತ ಹತ್ತಲು ಹೊರಟರು. ಬಿರುಗಾಳಿಗೆ ಸಿಕ್ಕಿ, ದಾರಿ ತಪ್ಪಿ, ಸುಮಾರು 4,000 ಮೀಟರ್ ಎತ್ತರದಲ್ಲಿ ಕೈಕಾಲು ಮರಗಟ್ಟಿ ಕುಳಿತರು. ಕೆಳಗಿನ ಪಟ್ಟಣದಿಂದ ದೂರದರ್ಶಕದಲ್ಲಿ ಅವರು ಕಾಣುತ್ತಿದ್ದರು. ಪತ್ರಿಕೆಗಳು ದಿನವೂ ಬರೆಯುತ್ತಿದ್ದವು. ನಡೆದು ಹೋಗಬೇಕೆ, ಹಾರಿ ಹೋಗಬೇಕೆ ಎಂಬ ವಾದದಲ್ಲೇ ದಿನಗಳು ಕಳೆದವು. ಪ್ರಸಿದ್ಧ ಪರ್ವತಾರೋಹಿ ಲಿಯೊನೆಲ್ ತೆರೆ ಕೆಲವರನ್ನು ಕಟ್ಟಿಕೊಂಡು ಕಾಲ್ನಡಿಗೆಯಲ್ಲಿ ಹೊರಟರೂ ಮುಟ್ಟಲಾಗಲಿಲ್ಲ.

ಡಿಸೆಂಬರ್ 31ರಂದು ವಾಯುಪಡೆಯ ಸಿಕೋರ್ಸ್ಕಿ ಎಸ್-58 ಎಂಬ ಭಾರಿ ಹೆಲಿಕಾಪ್ಟರ್ ಇಬ್ಬರು ಪೈಲಟ್‌ಗಳನ್ನೂ ಇಬ್ಬರು ಪರ್ವತ ಮಾರ್ಗದರ್ಶಕರನ್ನೂ ಹೊತ್ತು ಆ ಯುವಕರ ಬಳಿಗೇ ಬಂತು. ಹಿಮವನ್ನು ಇನ್ನೇನು ಮುಟ್ಟಬೇಕು, ರೆಕ್ಕೆಯ ಗಾಳಿಗೆ ಹಿಮಪುಡಿ ಎದ್ದು ಸುತ್ತೆಲ್ಲ ಬಿಳುಪಾಯಿತು. ನೆಲ ಯಾವುದು, ಆಕಾಶ ಯಾವುದು, ತಾನು ನಿಂತಿರುವೆನೋ ಸರಿಯುತ್ತಿರುವೆನೋ ಎಂಬುದೊಂದೂ ಪೈಲಟ್ಟಿಗೆ ತಿಳಿಯಲಿಲ್ಲ. ಹೆಲಿಕಾಪ್ಟರ್ ಮಗುಚಿ ಬಿತ್ತು. ಉಳಿಸಲು ಹೋದವರನ್ನೇ ಈಗ ಉಳಿಸಬೇಕಾಯಿತು. ಮಾರ್ಗದರ್ಶಕರು ಆ ಇಬ್ಬರು ಯುವಕರನ್ನು ಮುರಿದ ಹೆಲಿಕಾಪ್ಟರಿನ ಗೂಡಿನೊಳಗೆ ಮಲಗಿಸಿ, ಚಳಿಗೆ ಕಂಗೆಟ್ಟಿದ್ದ ಪೈಲಟ್‌ಗಳನ್ನು ಕರೆದುಕೊಂಡು 4,362 ಮೀಟರ್ ಎತ್ತರದ ವಾಲೋ ಆಸರೆಮನೆಯತ್ತ ಹತ್ತಿದರು.

1957ರ ಜನವರಿ 3ರಂದು ಆಲುಯೆತ್-2 ಎಂಬ ಪುಟ್ಟ ಹೆಲಿಕಾಪ್ಟರ್‌ಗಳು ವಾಲೋಗೆ ಹಾರಿ ಅಲ್ಲಿದ್ದವರನ್ನೆಲ್ಲ ಕೆಳಗೆ ತಂದವು. ಎಸ್-58ರದು ಹಳೆಯ ಬಗೆಯ ಪಿಸ್ಟನ್ ಎಂಜಿನ್. ಆಲುಯೆತ್ತಿನದು ಹಗುರವಾದ ಟರ್ಬೈನ್. ಇದೇ ಬಗೆಯ ಯಂತ್ರ 1956ರ ಜುಲೈನಲ್ಲಿಯೇ ಅದೇ ವಾಲೋದಿಂದ ಹೃದಯಾಘಾತವಾದ ಆರೋಹಿಯೊಬ್ಬರನ್ನು ತಂದಿತ್ತು. ಹಾಗಿದ್ದರೆ ಮೊದಲೇ ಅದನ್ನೇಕೆ ಕಳಿಸಲಿಲ್ಲ ಎಂಬ ಪ್ರಶ್ನೆ ಫ್ರಾನ್ಸನ್ನು ಬಹುಕಾಲ ಕಾಡಿತು. ಮುರಿದ ಯಂತ್ರದ ಮೇಲೆ ಹಾದುಹೋದವರಿಗೆ ಒಳಗೆ ಜೀವದ ಸುಳಿವು ಕಾಣಲಿಲ್ಲ. ಶೋಧ ನಿಂತಿತು. ಯುವಕರ ದೇಹಗಳನ್ನು ಕೆಳಗೆ ತಂದದ್ದು ಮಾರ್ಚಿನಲ್ಲಿ. 1958ರಲ್ಲಿ ಫ್ರಾನ್ಸ್ ಸರ್ಕಾರ ಪರ್ವತ ರಕ್ಷಣೆಯ ಹೊಣೆಯನ್ನು ತಾನೇ ಹೊತ್ತು, ಅದಕ್ಕೆಂದೇ ತರಬೇತಾದ ಪಡೆಯನ್ನು ಶಾಮೊನಿಯಲ್ಲಿ ನಿಲ್ಲಿಸಿತು.

ಈಗ ಹಿಮದ ಮೇಲೆ ಇಳಿಯುವ ಪೈಲಟ್ಟಿಗೆ ಕಣ್ಣು ನೆಡಲು ಏನಾದರೊಂದು ಇರಲೇಬೇಕು: ಒಂದು ಕಲ್ಲು, ಬಣ್ಣದ ಚೀಲ, ಇಲ್ಲವೇ ಗಾಳಿಗೆ ಬೆನ್ನುಕೊಟ್ಟು ಮಂಡಿಯೂರಿ ಕೂತ ಒಬ್ಬ ಮನುಷ್ಯ. ಎರಡೂ ತೋಳುಗಳನ್ನು ಮೇಲೆ ಚಾಚಿದರೆ ‘ಹೌದು, ನೆರವು ಬೇಕು’. ಒಂದು ಮೇಲೆ ಒಂದು ಕೆಳಗೆ ಚಾಚಿದರೆ ‘ಬೇಡ’. ಇಳಿಜಾರಿನಲ್ಲಿ ನಿಂತ ಹೆಲಿಕಾಪ್ಟರಿನ ಬಳಿಗೆ ಮೇಲಿನ ಕಡೆಯಿಂದ ಯಾರೂ ಬರಕೂಡದು. ಆ ಬದಿಯಲ್ಲಿ ತಿರುಗುವ ರೆಕ್ಕೆ ತಲೆಯ ಮಟ್ಟಕ್ಕೇ ಇರುತ್ತದೆ. ಬಾಲದ ಕಡೆಗಂತೂ ಯಾವ ನೆಲದಲ್ಲೂ ಹೋಗಬಾರದು.

ಯುದ್ಧಗಳು ಕಲಿಸಿದ ಪಾಠಗಳೂ ಇವೆ. ಕೊರಿಯಾದಲ್ಲಿ 1950ರಿಂದ 53ರವರೆಗೆ ಬೆಲ್ ಕಂಪನಿಯ ಗಾಜುಗುಂಡಿನ ಹೆಲಿಕಾಪ್ಟರ್‌ಗಳು ಎರಡೂ ಬದಿಗೆ ಸ್ಟ್ರೆಚರ್ ಕಟ್ಟಿಕೊಂಡು ಸಾವಿರಾರು ಗಾಯಾಳುಗಳನ್ನು ರಣರಂಗದ ಆಸ್ಪತ್ರೆಗಳಿಗೆ ಸಾಗಿಸಿದವು. ವಿಯೆಟ್ನಾಮಿನಲ್ಲಿ ಇಳಿಯುವ ಜಾಗವನ್ನು ಬಣ್ಣದ ಹೊಗೆಯಿಂದ ತೋರಿಸುತ್ತಿದ್ದರು; ಗಾಳಿಯ ದಿಕ್ಕೂ ಅದರಿಂದಲೇ ಗೊತ್ತಾಗುತ್ತಿತ್ತು. ಆದರೆ ರೇಡಿಯೊ ಕದ್ದುಕೇಳುವ ಶತ್ರು ಅದೇ ಬಣ್ಣದ ಹೊಗೆ ಹಾಕಿ ಮೋಸ ಮಾಡಬಹುದಲ್ಲ! ಅದಕ್ಕೆ ನೆಲದವರು ಬಣ್ಣ ಹೇಳದೆ ಹೊಗೆಯೆಬ್ಬಿಸುವುದು, ಪೈಲಟ್ ತನಗೆ ಕಂಡ ಬಣ್ಣವನ್ನು ಹೇಳುವುದು, ಆಮೇಲೆ ನೆಲದವರು ಹೌದೆನ್ನುವುದು ರೂಢಿಯಾಯಿತು.

ಇದಕ್ಕೆ ಹೋಲಿಸಿದರೆ ನಗರದ ಛಾವಣಿ ಬಹಳ ಸುಭದ್ರವೆಂದು ತೋರಬಹುದು. ನ್ಯೂಯಾರ್ಕಿನ 59 ಅಂತಸ್ತಿನ ಪ್ಯಾನ್ ಆ್ಯಮ್ ಕಟ್ಟಡದ ನೆತ್ತಿಯಿಂದ 1965ರಲ್ಲಿ ವಿಮಾನ ನಿಲ್ದಾಣಕ್ಕೆ ಹೆಲಿಕಾಪ್ಟರ್ ಸೇವೆ ಶುರುವಾಗಿ, 1968ರಲ್ಲಿ ನಿಂತು, 1977ರಲ್ಲಿ ಮತ್ತೆ ಆರಂಭವಾಯಿತು. ಆ ಮೇ 16ರಂದು ಪ್ರಯಾಣಿಕರು ಹತ್ತುತ್ತಿದ್ದಾಗ, ನಿಂತಿದ್ದ ಹೆಲಿಕಾಪ್ಟರಿನ ಚಕ್ರದ ಕಾಲು ಲೋಹ ದಣಿದು ಮುರಿಯಿತು. ಪಕ್ಕಕ್ಕೆ ಉರುಳಿದ ಯಂತ್ರದ ರೆಕ್ಕೆಗಳು ಛಾವಣಿಯ ಮೇಲಿದ್ದ ನಾಲ್ವರನ್ನು ಕೊಂದವು. ಕೆಳಗೆ ಬಿದ್ದ ತುಂಡೊಂದು ಬೀದಿಯಲ್ಲಿ ನಡೆದುಹೋಗುತ್ತಿದ್ದ ಮಹಿಳೆಯೊಬ್ಬರನ್ನು ಬಲಿ ತೆಗೆದುಕೊಂಡಿತು. ಸೇವೆ ಶಾಶ್ವತವಾಗಿ ಮುಚ್ಚಿತು.

ಆಲ್ಪ್ಸ್ ಕಲಿಸಿದ ಪಾಠ ಹಿಮಾಲಯಕ್ಕೆ ಬಂದ ದಾರಿ ಬೆಂಗಳೂರಿನ ಮೂಲಕ ಹಾದಿದೆ. ಆಲುಯೆತ್-3 ಹೆಲಿಕಾಪ್ಟರನ್ನು ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆ 1960ರ ದಶಕದಿಂದಲೇ ‘ಚೇತಕ್’ ಎಂಬ ಹೆಸರಿನಲ್ಲಿ ತಯಾರಿಸುತ್ತಿತ್ತು. ಇನ್ನೂ ಎತ್ತರಕ್ಕೆ ಏರಬಲ್ಲದ್ದು ಬೇಕೆಂದು ಭಾರತ 1968ರಲ್ಲಿ ಕೇಳಿದಾಗ, ಫ್ರೆಂಚರು ಆಲುಯೆತ್-2ರ ಹಗುರ ಮೈಗೆ ಆಲುಯೆತ್-3ರ ಎಂಜಿನ್ನನ್ನೂ ರೆಕ್ಕೆಗಳನ್ನೂ ಜೋಡಿಸಿ ‘ಲಾಮಾ’ ಎಂದು ಹೆಸರಿಟ್ಟರು. 1969ರಲ್ಲಿ ಹಿಮಾಲಯದಲ್ಲಿ ನಡೆದ ಪ್ರದರ್ಶನದಲ್ಲಿ ಅದು 7,500 ಮೀಟರ್ ಎತ್ತರದಲ್ಲಿ ಇಳಿದು ಮತ್ತೆ ಮೇಲೆದ್ದಿತು. ಬೆಂಗಳೂರಿನಲ್ಲಿ ಅದು ‘ಚೀತಾ’ ಆಯಿತು.

ಈ ಲಾಮಾವನ್ನೇ 1972ರ ಜೂನ್ 21ರಂದು ಫ್ರೆಂಚ್ ಪೈಲಟ್ ಜಾನ್ ಬೂಲೆ 12,442 ಮೀಟರ್ ಎತ್ತರಕ್ಕೆ ಒಯ್ದರು. 1957ರ ಜನವರಿಯಲ್ಲಿ ವಾಲೋಗೆ ಹಾರಿದ್ದವರಲ್ಲಿ ಅವರೂ ಒಬ್ಬರು. ತುತ್ತತುದಿಯಲ್ಲಿ ಎಂಜಿನ್ ಆರಿಹೋಯಿತು, ಮತ್ತೆ ಹೊತ್ತಲಿಲ್ಲ. ರೆಕ್ಕೆಯುಳ್ಳ ಕಾಡುಬೀಜ ಗಿರ್ರನೆ ತಿರುಗುತ್ತ ಇಳಿಯುವಂತೆ, ಕೆಳಗಿನಿಂದ ನುಗ್ಗುವ ಗಾಳಿಯಿಂದಲೇ ರೆಕ್ಕೆ ತಿರುಗಿಸಿಕೊಳ್ಳುತ್ತ ಅಷ್ಟೆತ್ತರದಿಂದ ನೆಲದವರೆಗೆ ಬಂದರು. ಎಂಜಿನ್ ಸತ್ತರೂ ಬದುಕಿ ಇಳಿಯುವ ಈ ವಿದ್ಯೆಯನ್ನು ಪ್ರತಿ ಹೆಲಿಕಾಪ್ಟರ್ ಪೈಲಟ್ಟೂ ಕಲಿಯುತ್ತಾನೆ. ಆದರೆ ಅದಕ್ಕೂ ಕೊನೆಯಲ್ಲಿ ಸಮನಾದ ಒಂದಿಷ್ಟು ನೆಲ ಬೇಕು.

1984ರ ಏಪ್ರಿಲ್ 13ರಂದು ಸಿಯಾಚಿನ್ನಿನ ಬಿಲಾಫೊಂಡ್ ಲಾ ಕಣಿವೆದಾರಿಗೆ ಭಾರತದ ಸೈನಿಕರನ್ನು ಇಳಿಸಿದ್ದು ಚೀತಾಗಳೇ. ಇಂದೂ ಆ ನೀರ್ಗಲ್ಲ ನದಿಯ ಮೇಲಿನ ಠಾಣೆಗಳಿಗೆ ಸೀಮೆಎಣ್ಣೆ, ಔಷಧಿ, ಪತ್ರಗಳು ಹೋಗುವುದು, ಕಾಯಿಲೆ ಬಿದ್ದವರು ಬರುವುದು ಹೆಲಿಕಾಪ್ಟರಿನಲ್ಲೇ.

ಇಂಥ ಎತ್ತರದಲ್ಲಿ ಹೆಲಿಪ್ಯಾಡ್ ಕಟ್ಟಲು ಎಷ್ಟು ಕಡಿಮೆ ಸಾಮಗ್ರಿ ಸಾಕು ಎಂಬುದು 1996ರ ಮೇ 13ರಂದು ಎವರೆಸ್ಟಿನಲ್ಲಿ ಕಂಡಿತು. ಬಿರುಗಾಳಿಯಲ್ಲಿ ಬದುಕುಳಿದಿದ್ದ ತೈವಾನಿನ ಮಕಾಲು ಗೌ, ಅಮೆರಿಕದ ಬೆಕ್ ವೆದರ್ಸ್ ಇಬ್ಬರಿಗೂ ಕೈಕಾಲು ಮರಗಟ್ಟಿದ್ದವು. ಅವರನ್ನು ಖುಂಬು ಹಿಮಪಾತದ ಮೇಲಿನ ಹಿಮಬಯಲಿಗೆ ತಂದ ಆರೋಹಿಗಳು, ನೀರಿಗೆ ಬೆರೆಸಿ ಕುಡಿಯುವ ಕೆಂಪು ಶರಬತ್ತಿನಿಂದ ಹಿಮದ ಮೇಲೆ ಗುಣಾಕಾರದ ಗುರುತು ಬರೆದರು. ಗಾಳಿಯ ದಿಕ್ಕು ತೋರಲು ಬಿದಿರುಕೋಲಿಗೆ ಕರವಸ್ತ್ರ ಕಟ್ಟಿದರು. ನೇಪಾಳ ಸೇನೆಯ ಲೆಫ್ಟಿನೆಂಟ್ ಕರ್ನಲ್ ಮದನ್ ಖತ್ರಿ ಛೇತ್ರಿ ಸುಮಾರು 6,000 ಮೀಟರ್ ಎತ್ತರದ ಆ ಕೆಂಪು ಗುರುತಿನತ್ತ ಹೆಲಿಕಾಪ್ಟರ್ ತಂದರು. ಒಮ್ಮೆಗೆ ಒಬ್ಬರಿಗಷ್ಟೇ ಜಾಗ. ಗೌ ಅವರಿಗೆ ನಡೆಯಲೂ ಆಗುತ್ತಿರಲಿಲ್ಲ. ವೆದರ್ಸ್ ತಮ್ಮ ಸರದಿಯನ್ನು ಬಿಟ್ಟುಕೊಟ್ಟರು. ಗೌ ಅವರನ್ನು ಕೆಳಗಿಳಿಸಿ ಬಂದ ಛೇತ್ರಿ ಅದೇ ಗುರುತಿನ ಬಳಿ ಎರಡನೆಯ ಬಾರಿ ಇಳಿದು ವೆದರ್ಸರನ್ನೂ ಕರೆದೊಯ್ದರು.