ಫುಗ್ಗಾ ಒಡೆಯೋ ಬಂದೂಕು

ಮೂವತ್ತು ದಾಟಿದ, ಕೈಯಲ್ಲಿ ಒಂದಿಷ್ಟು ಸಂಬಳ ಓಡಾಡ್ತಿರೋ ನಮ್ಮ ಕಡೆಯ ಹುಡುಗರಿಗೆ ಈಗ ಹೊಸ ಹುಚ್ಚು. ಊರಿಗೆ ಹೋದಾಗ ಅಟ್ಟದ ಮೇಲಿಂದ ಹಳೆ ಏರ್ ಗನ್ ಇಳಿಸೋದು, ಫೋಟೋ ತೆಗೆದು ವಾಟ್ಸಾಪಿಗೆ ಹಾಕೋದು, "ಇದನ್ನ ರಿಸ್ಟೋರ್ ಮಾಡಿಸ್ಬೇಕಲೇ, ಎಷ್ಟಾದ್ರೂ ಆಗಲಿ" ಅನ್ನೋದು. ನಳಿಗೆ ತುಂಬ ತುಕ್ಕು, ಕಟ್ಟಿಗೆಯ ಹಿಡಿ ಸೀಳಿದೆ, ಮಡಚಿದ್ರೆ ಒಳಗಿನ ಸ್ಪ್ರಿಂಗ್ ಮುದುಕರ ಮೊಣಕಾಲಿನ ಥರ ಕಟಕ್ ಅನ್ನುತ್ತೆ. ಕೊಂಡಾಗಲೂ ಅದೇನು ದುಬಾರಿ ವಸ್ತು ಆಗಿರಲಿಲ್ಲ. ಈಗಿನ ರಿಪೇರಿ ಖರ್ಚು ಅದರ ಅಂದಿನ ಬೆಲೆಯನ್ನ ಸುಲಭವಾಗಿ ದಾಟುತ್ತೆ. ಆದರೂ ಗುಜರಿಗೆ ಹಾಕೋಕೆ ಮನಸ್ಸು ಬರಲ್ಲ.

ಇದು ಬರೀ ಖರ್ಚಿನ ಪ್ರಶ್ನೆ ಆಗಿದ್ರೆ ಎರಡು ಸಾಲಲ್ಲಿ ಮುಗೀತಿತ್ತು. ಆದರೆ ಬಸವಕಲ್ಯಾಣ, ಹುಮನಾಬಾದ್ ಕಡೆ ಬಂದೂಕು ಅನ್ನೋ ಪದದ ಹಿಂದೆ ದೊಡ್ಡ ಕಥೆಯೇ ಇದೆ. ಆ ಕಥೆಯಲ್ಲಿ ಈ ಅಗ್ಗದ ಏರ್ ಗನ್ ಎಲ್ಲಿ ಬರುತ್ತೆ ಅಂತ ಒಮ್ಮೆ ನೋಡಿ, ಆಮೇಲೆ ಪಾಲಿಶ್ ಡಬ್ಬಿ ತೆಗೆಯೋಣ.

ನಮ್ಮಲ್ಲಿ ಹೆಚ್ಚಿನವರು ಈ ಬಂದೂಕನ್ನ ಮೊದಲ ಸಲ ಮುಟ್ಟಿದ್ದು ಜಾತ್ರೆಯಲ್ಲಿ. ಹುಮನಾಬಾದಿನಲ್ಲಿ ಜನವರಿಗೆ ವೀರಭದ್ರೇಶ್ವರ ಜಾತ್ರೆ. ಅದಕ್ಕೂ ಮೊದಲು, ದತ್ತ ಜಯಂತಿಗೆ, ಪಕ್ಕದ ಮಾಣಿಕನಗರದಲ್ಲಿ ಜಾತ್ರೆ. ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳ ಸಮಾಧಿ ಇರೋದು ಅಲ್ಲೇ. ಅವರು ಹೇಳಿದ್ದು ಸಕಲಮತ, ಅಂದ್ರೆ ಎಲ್ಲ ಮತಗಳೂ ತನ್ನವೇ ಅನ್ನೋ ದಾರಿ. ಹಿಂದೂಗಳೂ ಮುಸ್ಲಿಮರೂ ನಡಕೊಳ್ಳೋ ಜಾಗ ಅದು. ಇಂಥ ಜಾತ್ರೆಗಳಲ್ಲಿ ಬೆಂಡು ಬತ್ತಾಸು, ಬಳೆ ಅಂಗಡಿ, ತೊಟ್ಟಿಲು ದಾಟಿ ಹೋದ್ರೆ ಒಂದು ಮೂಲೆಯಲ್ಲಿ ನಿಲ್ಲಿಸಿದ ಹಲಗೆ, ಅದರ ತುಂಬ ಸಾಲಾಗಿ ಫುಗ್ಗಾ. ಬೆಂಗಳೂರಲ್ಲಿ ಬಲೂನ್ ಅಂತೀವಲ್ಲ, ಅದೇ. ಮುಂದೊಂದು ಮೇಜು, ಎರಡು ಏರ್ ಗನ್, ಡಬ್ಬಿಯಲ್ಲಿ ಛರ್ರಾ. "ಏ ತಮ್ಮಾ, ಬಾ ಹೊಡಿ" ಅಂತ ಕರೆದವನೇ ನಳಿಗೆ ಮಡಚಿ, ಛರ್ರಾ ಇಟ್ಟು, ಕೈಗೆ ಕೊಡ್ತಿದ್ದ. ತಾಗಿದ್ರೆ ನಾವೇ ಅರ್ಜುನ. ತಪ್ಪಿದ್ರೆ "ನಳಿಗಿ ಸೊಟ್ಟ ಅದ." ಸೈಟನ್ನ ಬೇಕಂತಲೇ ಬಗ್ಗಿಸಿರ್ತಾರೆ ಅನ್ನೋದು ಎಲ್ಲ ಜಾತ್ರೆಗಳ ನಂಬಿಕೆ (ಬೆಂಗಳೂರಿನ ಸೈಟ್ ಅಲ್ಲ, ಗುರಿ ನೋಡೋ ಸೈಟ್). ಇರಬಹುದು. ದಿನವಿಡೀ ಮಡಚಿ ಮಡಚಿ ಸಡಿಲಾದ ನಳಿಗೆಗೆ ಆ ಸಹಾಯವೂ ಬೇಕಿಲ್ಲ.

ಈ ಸೊಟ್ಟ ಬಂದೂಕಿಗೂ ಒಂದು ವಂಶಾವಳಿ ಇದೆ. ಜರ್ಮನಿಯ ರಾಸ್ಟಾಟ್‌ನಲ್ಲಿ 1890ರಲ್ಲಿ ಶುರುವಾದ ಒಂದು ಕಂಪನಿ ಡಯಾನಾ ಅನ್ನೋ ಹೆಸರಲ್ಲಿ ಏರ್ ಗನ್ ಮಾಡಿ ಲೋಕಪ್ರಸಿದ್ಧ ಆಯ್ತು. ಡಯಾನಾ ಅಂದ್ರೆ ರೋಮನ್ನರ ಬೇಟೆ ದೇವತೆ. ಕಂಪನಿಯ ಗುರುತಿನ ಚಿತ್ರದಲ್ಲಿ ಆಕೆ ಬಿಲ್ಲು ಬಾಣ ಬಿಸಾಕಿ ಏರ್ ಗನ್ ಎತ್ತಿ ಹಿಡಿದಿದ್ದಾಳೆ! ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಬಿಎಸ್‌ಎ 1905ರಲ್ಲಿ ಏರ್ ರೈಫಲ್ ಶುರು ಮಾಡಿತು. ನಮ್ಮ ಅಪ್ಪಂದಿರಿಗೆ ಸೈಕಲ್ಲಿನಿಂದ ಗೊತ್ತಿದ್ದ ಅದೇ ಬಿಎಸ್‌ಎ. ಅಮೆರಿಕದ ಡೈಸಿ ಕಥೆ ಇನ್ನೂ ಮಜಾ. ಅದು ಮೊದಲು ಗಾಳಿಯಂತ್ರ ಮಾಡೋ ಕಂಪನಿ. ಗಾಳಿಯಂತ್ರ ಕೊಂಡ ರೈತರಿಗೆ ಏರ್ ಗನ್ ಉಡುಗೊರೆ ಕೊಡೋಕೆ ಶುರು ಮಾಡಿತು. ಗಾಳಿಯಂತ್ರಕ್ಕಿಂತ ಉಡುಗೊರೆಗೇ ಗಿರಾಕಿ ಹೆಚ್ಚಾಗಿ, 1895ರಲ್ಲಿ ಕಂಪನಿಯ ಹೆಸರೇ ಡೈಸಿ ಅಂತ ಬದಲಾಯ್ತು. ನಮ್ಮ ದೇಶದಲ್ಲೂ ಅಂಥದ್ದೇ ಒಂದು ಕಥೆ ಇದೆ. ವಾಲ್‌ಚಂದ್ ಹೀರಾಚಂದ್ 1926ರಲ್ಲಿ ಕಟ್ಟಿದ ಇಂಡಿಯನ್ ಹ್ಯೂಮ್ ಪೈಪ್ ಕಂಪನಿಯ ಮುಖ್ಯ ಕೆಲಸ ಸಿಮೆಂಟ್ ಕೊಳವೆ ಮಾಡೋದು. ಊರೂರಿಗೆ ನೀರಿನ ಕೊಳವೆ ಕೊಟ್ಟ ಆ ಕಂಪನಿ ಏರ್ ರೈಫಲ್ಲನ್ನೂ ಮಾಡ್ತಿತ್ತು.

ಇವೆಲ್ಲ ಹೆಸರಿದ್ದ ಮನೆತನ. ಜಾತ್ರೆಗೂ ಅಟ್ಟಕ್ಕೂ ಬಂದದ್ದು ಹೆಚ್ಚಾಗಿ ಇವುಗಳ ನಕಲಿನ ನಕಲು. ಎಷ್ಟೋ ಬಂದೂಕುಗಳ ಮೇಲೆ ಮಾಡಿದವರ ಹೆಸರೂ ಇರಲ್ಲ.

ಈಗ ನಮ್ಮೂರಿನ ಕಥೆಗೆ ಬರೋಣ. ಬಸವಕಲ್ಯಾಣದ ಕೋಟೆಯ ಬುರುಜಿನ ಮೇಲೆ ಇವತ್ತಿಗೂ ತೋಪು ನೋಡಬಹುದು. ನಿಜಾಮರ ಕಾಲದಲ್ಲಿ ಇದು ಕಲ್ಯಾಣಿ ನವಾಬರ ಜಾಗೀರು. ಬಂದೂಕು ಇರ್ತಿದ್ದದ್ದು ಕೋಟೆಯಲ್ಲಿ, ಗಢಿಯಲ್ಲಿ, ಪೊಲೀಸರ ಕೈಯಲ್ಲಿ. ಹೊಲದಲ್ಲಿ ದುಡಿಯೋನ ಕೈಯಲ್ಲಿ ಇದ್ದದ್ದು ಕವಣಿ. ಜೋಳದ ತೆನೆಗೆ ಬೀಳೋ ಗಿಳಿ ಓಡಿಸೋಕೆ ಅಷ್ಟು ಸಾಕಿತ್ತು.

ಆಮೇಲೆ ಬಂತು 1948. ಆ ವರ್ಷದ ಮೇ ತಿಂಗಳಲ್ಲಿ ಬಸವಕಲ್ಯಾಣ ಸೀಮೆಯ ಗೋರಟಾ ಹಳ್ಳಿಯ ಮೇಲೆ ರಜಾಕಾರರು ಬಿದ್ದರು. ಸತ್ತವರು ಇನ್ನೂರಕ್ಕೂ ಹೆಚ್ಚು ಅಂತ ಆ ಕಡೆಯ ಜನ ಹೇಳ್ತಾರೆ. ಅಲ್ಲಿ ಕಟ್ಟಿದ ಹುತಾತ್ಮರ ಸ್ಮಾರಕ ಉದ್ಘಾಟನೆ ಆಗಿದ್ದು 2023ರ ಮಾರ್ಚಿನಲ್ಲಿ. ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನಕ್ಕೆ ನುಗ್ಗಿತು, 17ಕ್ಕೆ ನಿಜಾಮರು ಶರಣಾದರು. ಅಲ್ಲಿಗೇ ನಿಲ್ಲಲಿಲ್ಲ. ಸೇಡಿನ ಹೆಸರಲ್ಲಿ ಏನೂ ತಪ್ಪು ಮಾಡದ ಮುಸ್ಲಿಂ ಕುಟುಂಬಗಳ ಮೇಲೆ ಹಲ್ಲೆ, ಕೊಲೆ ನಡೆದವು. ನೆಹರೂ ಸರ್ಕಾರ ಕಳಿಸಿದ ಪಂಡಿತ್ ಸುಂದರ್‌ಲಾಲ್ ಸಮಿತಿ ಇಡೀ ಸಂಸ್ಥಾನದಲ್ಲಿ ಹೀಗೆ ಸತ್ತವರು 27 ಸಾವಿರದಿಂದ 40 ಸಾವಿರ ಅಂತ ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಅದು ಹೆಸರಿಸಿದ್ದು ಉಸ್ಮಾನಾಬಾದ್, ಗುಲ್ಬರ್ಗಾ, ನಾಂದೇಡ್, ಮತ್ತೆ ನಮ್ಮ ಬೀದರ್. ಒಂದೇ ವರ್ಷದಲ್ಲಿ ಎರಡೂ ಕಡೆಯ ಮನೆಗಳಲ್ಲಿ ಬಂದೂಕು ಅಂದ್ರೆ ಬಾಗಿಲು ಹಾಕ್ಕೊಂಡು ಕೂರೋ ಸದ್ದು ಅಂತಾಯ್ತು.

1956ರ ನವೆಂಬರ್ 1ಕ್ಕೆ ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ದೇಶಕ್ಕೆಲ್ಲ 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದು, 1962ರಲ್ಲಿ ಜಾರಿ ಆಯ್ತು. ನಿಜವಾದ ಬಂದೂಕಿಗೆ ಲೈಸೆನ್ಸ್ ಕಡ್ಡಾಯ. ಆದರೆ ನಿಗದಿ ಮಾಡಿದ ದಪ್ಪದ ರಟ್ಟಿನ ಅಟ್ಟಿಯನ್ನ ತೂರಿ ಹೋಗೋಕೆ ಆಗದಷ್ಟು ಬಡ ಏರ್ ಗನ್ನಿಗೆ ವಿನಾಯಿತಿ ಸಿಕ್ಕಿತು. ಅಂದ್ರೆ ಕಾನೂನಿನ ಕಣ್ಣಲ್ಲಿ ಅದರ ಅರ್ಹತೆಯೇ ದುರ್ಬಲವಾಗಿರೋದು.

ಈ ಎರಡು ತುದಿಗಳನ್ನ ಜೋಡಿಸಿ ನೋಡಿ. 1948ರಲ್ಲಿ ಬಂದೂಕಿನ ಸದ್ದಿಗೆ ಹೊಲಕ್ಕೆ ಓಡಿದ ತಲೆಮಾರು, ಆಮೇಲೆ ಮೊಮ್ಮಕ್ಕಳ ಕೈಗೆ ಚಿಲ್ಲರೆ ಕೊಟ್ಟು, ಬಂದೂಕಿನ ಅಂಗಡಿ ಮುಂದೆ ನಿಂತು, ಫುಗ್ಗಾ ಒಡೆದಾಗ ನಕ್ಕಿತು. ಇಸ್ಮಾಯಿಲನೂ ಈರಣ್ಣನೂ ಒಂದೇ ಮೇಜಿಗೆ ಮೊಣಕೈ ಊರಿ ಒಬ್ಬರಾದ ಮೇಲೆ ಒಬ್ಬರು ಹೊಡೆದ್ರು. ಯಾರೂ ಹೆದರದ, ಯಾರ ಯಜಮಾನಿಕೆಯೂ ಇಲ್ಲದ ಬಂದೂಕು ನಮ್ಮ ಸೀಮೆಗೆ ಸಿಕ್ಕಿದ್ದು ಅದೊಂದೇ. ನಮಗೆ ನೆನಪಾಗಿ ಕಾಡ್ತಿರೋದು ಈ ನಿರ್ಭಯ ಅಂತ ನನಗನ್ಸುತ್ತೆ. ಉಳಿಸಬೇಕಾದ್ದು ಅಂತ ಏನಾದ್ರೂ ಇದ್ರೆ ಅದೇ.

ಆದರೆ ಈ ನೆನಪು ಒಂದು ವಿಷಯವನ್ನ ಜಾಣತನದಿಂದ ಬಿಟ್ಟುಬಿಡುತ್ತೆ. ಜಾತ್ರೆಯ ಬಂದೂಕು ಮೇಜಿಗೆ ಕಟ್ಟುಬಿದ್ದಿತ್ತು. ಮನೆಯ ಬಂದೂಕು ಹಾಗಿರಲಿಲ್ಲ. ಫುಗ್ಗಾ ಜಾತ್ರೆಗೆ ಮಾತ್ರ, ಹಕ್ಕಿ ವರ್ಷವಿಡೀ. ಬೇವಿನ ಮರದ ಗೊರವಂಕ, ಹೊಲದ ಬೆಳವ, ಬಾವಿ ಗೋಡೆಯ ಗಿಳಿ ಎಷ್ಟು ಬಿದ್ದವು ಅಂತ ಲೆಕ್ಕ ಇಟ್ಟವರು ಯಾರು? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಈ ಹಕ್ಕಿಗಳನ್ನ ಹೊಡೆಯೋದು ಅಪರಾಧ. ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಬೇಟೆಗೆ ಪರವಾನಗಿ ಸಿಕ್ಕ ಹಾಗಲ್ಲ.

ಅಗ್ಗದ ಏರ್ ಗನ್ ಏನು ಮಾಡಬಲ್ಲದು ಅಂತ ತಿಳೀಬೇಕಾದ್ರೆ ಅರುಣಾಚಲ ಪ್ರದೇಶದ ಕಡೆ ನೋಡಬೇಕು. ಅಲ್ಲಿ ಕಾಡಿನ ಸದ್ದೇ ಕಡಿಮೆ ಆಯ್ತು ಅಂತ 2021ರ ಮಾರ್ಚಿನಲ್ಲಿ ಪೂರ್ವ ಕಾಮೆಂಗ್ ಜಿಲ್ಲೆಯ ಲುಮ್ಡುಂಗ್ ಹಳ್ಳಿಯಿಂದ ಏರ್ ಗನ್ ಒಪ್ಪಿಸೋ ಅಭಿಯಾನ ಶುರು ಮಾಡಿದ್ರು. ಜನ ಸಾವಿರಗಟ್ಟಲೆ ಬಂದೂಕು ತಂದು ತಾವಾಗೇ ಒಪ್ಪಿಸಿದ್ರು. ಅಲ್ಲೂ ಅವು ಅಪ್ಪನ ನೆನಪು, ಅಜ್ಜನ ನೆನಪು ಆಗಿದ್ದಿರಬೇಕಲ್ವಾ?

"ಅಷ್ಟು ಹಳೇದರಲ್ಲಿ ಏನ್ ದಮ್ ಇರ್ತದ?" ಅನ್ನೋರಿಗೆ ಒಂದು ಲೆಕ್ಕ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 0.177 ಇಂಚು, ಅಂದ್ರೆ ಸುಮಾರು 4.5 ಮಿಲಿಮೀಟರ್ ಒಳಗಿನ ನಳಿಗೆ ಮತ್ತೆ 20 ಜೂಲ್ ಒಳಗಿನ ಶಕ್ತಿ ಇದ್ರೆ ಇಟ್ಟುಕೊಳ್ಳೋಕೆ ಲೈಸೆನ್ಸ್ ಬೇಡ. ಅರ್ಧ ಗ್ರಾಂ ತೂಕದ ಸೀಸದ ಛರ್ರಾಗೆ 20 ಜೂಲ್ ಅಂದ್ರೆ ಸೆಕೆಂಡಿಗೆ ಸುಮಾರು 280 ಮೀಟರ್ ವೇಗ. ಪಿಯುಸಿಯಲ್ಲಿ ಓದಿದ ಚಲನಶಕ್ತಿಯ ಸೂತ್ರ ನೆನಪು ಮಾಡ್ಕೊಳ್ಳಿ: ವೇಗ ಅರ್ಧ ಆದ್ರೆ ಶಕ್ತಿ ಕಾಲು ಭಾಗ. ಸ್ಪ್ರಿಂಗ್ ಸೋತು ವೇಗ 140ಕ್ಕೆ ಇಳಿದ್ರೂ 5 ಜೂಲ್ ಉಳೀತು. ಒಂದು ಹಕ್ಕಿಗೆ, ಒಬ್ಬ ಹುಡುಗನ ಕಣ್ಣಿಗೆ ಅಷ್ಟು ಧಾರಾಳ ಸಾಕು.

ಹಾಗಾದ್ರೆ ರಿಪೇರಿ ಮಾಡಿಸಬೇಕಾ, ಬ್ಯಾಡಾ? ಮಾಡಿಸಿ ಅನ್ನೋದೇ ನನ್ನ ಉತ್ತರ. ಆದರೆ ರಿಪೇರಿ ಮಾತ್ರ, ಅಪ್‌ಗ್ರೇಡ್ ಬೇಡ. ಸಾಫ್ಟ್‌ವೇರಿನಲ್ಲಿ ನಾವು ಈ ಎರಡನ್ನೂ ಕಲಸಿಬಿಟ್ಟಿದ್ದೀವಿ. ಬಗ್ ಸರಿ ಮಾಡು ಅಂದ್ರೆ ಹೊಸ ಫೀಚರ್ ಸೇರಿಸಿ ಕೊಡ್ತೀವಿ.

ಒಳಗಿನ ಕೆಲಸ ಸರಳ. ನಳಿಗೆ ಮಡಚಿದಾಗ ಸ್ಪ್ರಿಂಗ್ ಬಿಗಿಯಾಗುತ್ತೆ, ಕುದುರೆ ಎಳೆದ್ರೆ ಪಿಸ್ಟನ್ ಮುಂದಕ್ಕೆ ನುಗ್ಗಿ ಗಾಳಿಯನ್ನ ಒತ್ತುತ್ತೆ, ಆ ಗಾಳಿ ಛರ್ರಾವನ್ನ ದೂಡುತ್ತೆ. ಹಳೆ ಬಂದೂಕಿನಲ್ಲಿ ಪಿಸ್ಟನ್ ತುದಿಗೆ ತೊಗಲಿನ ವಾಷರ್. ಸೈಕಲ್ ಪಂಪಿನದರ ದೊಡ್ಡಣ್ಣ ಅನ್ಕೊಳ್ಳಿ. ಒಣಗಿ ಬಿರುಕು ಬಿಟ್ರೆ ಗಾಳಿ ಸೋರುತ್ತೆ, ಬಂದೂಕು ಸತ್ತೇ ಹೋಯ್ತು ಅನ್ಸುತ್ತೆ. ಎಷ್ಟೋ ಸಲ ಅಷ್ಟೇ ರೋಗ. ಹರಳಯ್ಯನ ಗವಿ ಇರೋ ಬಸವಕಲ್ಯಾಣದಲ್ಲಿ ತೊಗಲಿನ ಕೆಲಸ ಬಲ್ಲ ಕೈ ಸಿಗದೇ ಇರುತ್ತಾ? ಹೊಸ ವಾಷರ್ ಕತ್ತರಿಸಿ, ಎಣ್ಣೆಯಲ್ಲಿ ನೆನೆಸಿ ಕೂರಿಸಿದ್ರೆ ಉಸಿರು ಬರುತ್ತೆ. ಸಿಲಿಂಡರ್ ಒಳಗೆ ಎಣ್ಣೆ ಹೆಚ್ಚಾದ್ರೆ ಒತ್ತಡದ ಬಿಸಿಗೆ ಡೀಸೆಲ್ ಎಂಜಿನ್ ಥರ ಹೊತ್ತಿಕೊಂಡು ಹೊಗೆ ಬರುತ್ತೆ, ಸ್ಪ್ರಿಂಗೂ ಹಾಳು. ಒಳಗಿನ ಸ್ಪ್ರಿಂಗ್ ಒತ್ತಿಹಿಡಿದೇ ಇರುತ್ತೆ, ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಬಿಚ್ಚೋಕೆ ಹೋಗಬೇಡಿ, ಮುಖಕ್ಕೆ ಹಾರುತ್ತೆ. ಛರ್ರಾ ಇಲ್ಲದೆ ಖಾಲಿ ಹೊಡೆದು ತೋರಿಸೋ ಚಾಳಿಯೂ ಬೇಡ. ತಡೆಯೋಕೆ ಏನೂ ಇಲ್ಲದೆ ಪಿಸ್ಟನ್ ನೇರ ಹೋಗಿ ಗುದ್ದುತ್ತೆ.

ಹೊರಗಿನ ತುಕ್ಕು ಒರೆಸಿ, ಹರಡದಂತೆ ಎಣ್ಣೆ ಹಚ್ಚಿ ಸಾಕು ಮಾಡಿ. ಸೀಳಿದ ಕಟ್ಟಿಗೆಗೆ ಅಂಟು ಹಾಕಿ, ಅಗಸೆ ಎಣ್ಣೆ ಉಜ್ಜಿ. ಅಂಗೈ ಸವೆಸಿದ ಜಾಗವನ್ನ ಮರಳುಕಾಗದದಲ್ಲಿ ತಿಕ್ಕಿ ಹೊಸದು ಮಾಡಿದ್ರೆ ಕೊನೆಗೆ ಉಳಿಯೋದು ಒಂದು ಕೆಟ್ಟ ಹೊಸ ಬಂದೂಕು. "ಡಬಲ್ ಪವರ್ ಸ್ಪ್ರಿಂಗ್ ಹಾಕ್ತೀನಿ ಸಾರ್" ಅನ್ನೋರಿಗೆ ಕೈ ಮುಗೀರಿ. ಆ ಹಳೆ ಕಬ್ಬಿಣ ಅದನ್ನ ತಡೆಯಲ್ಲ, ಕಾನೂನಿನ ಗೆರೆ ದಾಟೋ ಭಯ ಬೇರೆ. ಎಲ್ಲಕ್ಕಿಂತ ಹೆಚ್ಚಾಗಿ, ಅದು ನೀವು ನೆನೆಸ್ಕೊಂಡು ಕೊರಗ್ತಿದ್ದ ಬಂದೂಕು ಆಗಿರಲ್ಲ. ನಳಿಗೆ 0.177ಕ್ಕಿಂತ ದಪ್ಪ ಕಂಡ್ರೆ ರಿಪೇರಿಗೆ ಮುಂಚೆ ಠಾಣೆಯಲ್ಲೊಮ್ಮೆ ವಿಚಾರಿಸೋದು ಒಳ್ಳೇದು.

ಗುರಿಯ ಹಂಬಲ ಇದ್ರೆ ಕಾಗದ ಇದೆ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ 4.5 ಮಿಲಿಮೀಟರ್ ಛರ್ರಾದಿಂದ. 10 ಮೀಟರ್ ದೂರದಲ್ಲಿ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಜೀವ ಇರೋ ಯಾವ ಗುರಿಗಿಂತಲೂ ಕಷ್ಟದ ಗುರಿ ಅದು.

ಇಷ್ಟಕ್ಕೆಲ್ಲ ತಯಾರಿದ್ರೆ ಅಟ್ಟದಿಂದ ಇಳಿಸಿ. ಇಲ್ಲದಿದ್ರೆ ವಾಷರ್ ಬಿಚ್ಚಿ ಗೋಡೆಗೆ ತೂಗುಹಾಕಿ, ಅದಕ್ಕೂ ಅವಮಾನ ಆಗಲ್ಲ. ರಿಪೇರಿ ಮಾಡಿಸಿದವರು ಹಿತ್ತಿಲಲ್ಲಿ ದಪ್ಪ ಹಲಗೆ ನಿಲ್ಲಿಸಿ, ಹಿಂದೆ ಮಣ್ಣಿನ ಗುಡ್ಡೆ ಹಾಕಿ, ಕಣ್ಣಿಗೆ ಕನ್ನಡಕ ಹಾಕ್ಕೊಂಡು, ಮೊದಲ ಛರ್ರಾ ಫುಗ್ಗಾಕ್ಕೇ ಹೊಡೀರಿ. ಸೈಟ್ ಮಾತ್ರ ತೀರಾ ನೆಟ್ಟಗೆ ಮಾಡಿಸ್ಬೇಡಿ. ತಪ್ಪಿದಾಗ "ನಳಿಗಿ ಸೊಟ್ಟ ಅದ" ಅನ್ನೋಕೆ ಮಕ್ಕಳಿಗೂ ಒಂದು ಅವಕಾಶ ಇರಲಿ.