ಆರೈಕೆದಾರರ ಮನೋಭಾರ
ಡಿಮೆನ್ಷಿಯಾ ಪೀಡಿತ ತಂದೆ ಇಲ್ಲವೆ ತಾಯಿಯನ್ನು ದೀರ್ಘಕಾಲ ನೋಡಿಕೊಳ್ಳುವವರಲ್ಲಿ ಉಂಟಾಗುವ ಮಾನಸಿಕ ಬಳಲಿಕೆ. ಇದು ಸ್ವತಃ ರೋಗವಲ್ಲ. ಆದರೆ ಖಿನ್ನತೆ, ನಿದ್ರಾಹೀನತೆಗಳಿಗೆ ದಾರಿಯಾಗಬಲ್ಲದು. ಕೇಳಿದ್ದನ್ನೇ ಕೇಳುವುದು, ಸಂಜೆಯಾಗುತ್ತಲೇ ಹೆಚ್ಚುವ ಗಲಿಬಿಲಿ, ಆಗಷ್ಟೇ ಮುದ್ದೆ ಉಂಡ ತಾಯಿ ‘ಹಿಟ್ಟು ಇಕ್ಕಲಿಲ್ಲ’ ಎಂದು ನೆರೆಯವರಲ್ಲಿ ದೂರುವುದು, ಮಗನನ್ನೇ ಗುರುತಿಸದಿರುವುದು ಸಾಮಾನ್ಯ ಕಾರಣಗಳು. ಹೆತ್ತವರು ಬದುಕಿರುವಾಗಲೇ ಕಳೆದುಕೊಂಡ ದುಃಖ, ಸಿಡುಕಿದ ಬಳಿಕದ ಪಾಪಪ್ರಜ್ಞೆ ಇದರ ವಿಶಿಷ್ಟ ಲಕ್ಷಣಗಳು. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಮರೆವನ್ನು ಅರಳುಮರಳೆಂದು ವಯಸ್ಸಿಗೆ ಹಚ್ಚುವುದುಂಟು. ಹಾಗಾದಾಗ ತಪಾಸಣೆ ತಡವಾಗುತ್ತದೆ. ಗಂಡುಮಕ್ಕಳು ಬೆಂಗಳೂರು ಸೇರಿದ್ದರೆ ಹೊರೆಯೆಲ್ಲ ಊರಲ್ಲುಳಿದ ಸೊಸೆ ಅಥವಾ ಮಗಳದು. ಆಕೆಯ ದಣಿವು ಬಹುಮಟ್ಟಿಗೆ ಲೆಕ್ಕಕ್ಕೆ ಬಾರದು. ಭಾರವನ್ನು ಅಳೆಯಲು 1980ರ ದಶಕದಿಂದ ಜಾರಿಟ್ ಪ್ರಶ್ನಾವಳಿ ಬಳಕೆಯಲ್ಲಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಉಚಿತ ಸಹಾಯವಾಣಿ (14416) ಕನ್ನಡದಲ್ಲೂ ಆಪ್ತಸಲಹೆ ನೀಡುತ್ತದೆ.