ಕೋಟೆ ಇಲ್ಲದ ಊರಿನ ಕಟ್ಟಡಗಳು

ಕುಶಾಲನಗರ ದಾಟಿ ಮಡಿಕೇರಿ ಕಡೆ ಹೊರಟ ಬಸ್ಸು ಸುಂಟಿಕೊಪ್ಪದಲ್ಲಿ ನಿಲ್ಲುತ್ತದೆ; ಪ್ರವಾಸಿಗರು ಮಾತ್ರ ಇಳಿಯುವುದಿಲ್ಲ. ಇಲ್ಲಿ ಕೋಟೆಯಿಲ್ಲ, ಅರಮನೆಯಿಲ್ಲ. ಕೊಡಗಿನ ಅರಸರ ಮೂಲನೆಲೆ ಹಾಲೇರಿ ಇಲ್ಲಿಂದ ಬಹಳ ದೂರವೇನಲ್ಲ. ಆದರೆ ಮುದ್ದುರಾಜ 1681ರಲ್ಲಿ ರಾಜಧಾನಿಯನ್ನು ಮಡಿಕೇರಿಗೆ ಒಯ್ದ ಮೇಲೆ ದರ್ಬಾರೆಲ್ಲ ಅತ್ತಲೇ ಹೋಯಿತು. ಸುಂಟಿಕೊಪ್ಪದ ಪಾಲಿಗೆ ಬಂದದ್ದು ರಸ್ತೆ, ಆಮೇಲೆ ಕಾಫಿ.

1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದಿಳಿಸಿ ಕಂಪನಿ ಸರ್ಕಾರ ಕೊಡಗನ್ನು ವಶಪಡಿಸಿಕೊಂಡಿತು. 1854ರಲ್ಲಿ ಫೌಲರ್ ಎಂಬ ದೊರೆ ಮಡಿಕೇರಿಯಲ್ಲಿ ಕಾಫಿ ತೋಟ ಮಾಡಿದ. ಅಲ್ಲಿಂದ ಕೊಡಗಿನ ಗುಡ್ಡಗಳ ರೂಪವೇ ಬದಲಾಯಿತು.

ತೋಟದ ಕಟ್ಟಡಗಳನ್ನು ನೋಡಿದರೆ ಯಾರು ಮೇಲೆ, ಯಾರು ಕೆಳಗೆ ಎಂದು ಯಾರೂ ಹೇಳಬೇಕಿಲ್ಲ. ದಿಬ್ಬದ ಮೇಲೆ ಅಗಲ ಜಗಲಿಯ, ಹೆಂಚಿನ ಬಂಗಲೆ. ಕೆಳಗೆ ಕಾಫಿ ಒಣಗಿಸುವ ಕಣ, ಗೋದಾಮು. ಇನ್ನೂ ಆಚೆಗೆ ಕೂಲಿಯಾಳುಗಳ ಲೈನ್ ಮನೆ: ಒಂದೇ ಮಾಡಿನಡಿ ಉದ್ದಕ್ಕೆ ಸಾಲು ಕೋಣೆ, ಸಂಸಾರಕ್ಕೊಂದು ಬಾಗಿಲು, ಹೊಗೆ ಹಿಡಿದ ಗೋಡೆ. ಮಲಯಾಳ, ತಮಿಳು, ತುಳು ಮಾತು ಈ ಊರಿನ ಸಂತೆಯಲ್ಲಿ ಇಂದಿಗೂ ಕೇಳಿಬರುವುದಕ್ಕೆ ಇಂಥ ಬಾಗಿಲುಗಳೂ ಕಾರಣ.

ಬಂಗಲೆಗೂ ಲೈನಿಗೂ ನಡುವೆ ಇನ್ನೊಂದು ಮನೆ, ಮ್ಯಾನೇಜರನದು. ಕನ್ನಡ ಸಾಹಿತ್ಯ ಸುಂಟಿಕೊಪ್ಪಕ್ಕೆ ಬಂದದ್ದು ಈ ಬಾಗಿಲಿನಿಂದ. ಗುಂಡುಕುಟ್ಟಿ ಮಂಜುನಾಥಯ್ಯನವರ ತೋಟದ ಮ್ಯಾನೇಜರ್ ಬಿ.ಟಿ. ಗೋಪಾಲಕೃಷ್ಣ ಅವರ ಹೆಂಡತಿಯೇ ಕಥೆಗಾರ್ತಿ ಕೊಡಗಿನ ಗೌರಮ್ಮ. 1934ರ ಫೆಬ್ರವರಿಯಲ್ಲಿ ಗಾಂಧೀಜಿ ಮಂಜುನಾಥಯ್ಯನವರ ಮನೆಗೆ ಬಂದಾಗ, ತನ್ನ ಮನೆಗೂ ಬರಲೇಬೇಕೆಂದು ಗೌರಮ್ಮ ಉಪವಾಸ ಕೂತರು. ಸಾಹುಕಾರರ ಬಂಗಲೆಗೆ ಬಂದವರು ನೌಕರನ ಮನೆಗೂ ಬರಬೇಕಾಯಿತು! ಮಂಗಳಸೂತ್ರದಂಥ ಒಂದೆರಡು ಉಳಿಸಿಕೊಂಡು ಮಿಕ್ಕ ಒಡವೆಯನ್ನೆಲ್ಲ ಆಕೆ ಹರಿಜನ ನಿಧಿಗೆ ಕೊಟ್ಟರು.

ವಿಧವೆಯರ ಪಾಡು, ಮತಾಂತರ, ಗಂಡಸಿನ ನ್ಯಾಯ ಇವೆಲ್ಲ ಅವರ ಕಥೆಗಳಿಗೆ ವಸ್ತುವಾದವು. ಟೆನಿಸ್ ಆಡುತ್ತಿದ್ದ, ಈಜು ಬಲ್ಲ ಗೌರಮ್ಮ 1939ರ ಏಪ್ರಿಲ್ 13ರಂದು ಹೊಳೆಯ ಸುಳಿಗೆ ಸಿಕ್ಕಿ ತೀರಿಕೊಂಡರು. ಆಗ ವಯಸ್ಸು 27. ಬೇಂದ್ರೆಯವರು ಅವರ ನೆನಪಿಗೆ ಕವಿತೆ ಬರೆದರು.

ಗಾಂಧಿ ಬಂದ ಮನೆಯ ಕಥೆಯನ್ನು ಊರು ಮರೆತಿಲ್ಲ. ಲೈನ್ ಮನೆಗಳ ಕಥೆ ಬರೆಯುವವರಿಗೆ ಸಿಗುವ ಆಧಾರವೇ ಕಡಿಮೆ. ಆಳುಗಳ ಹಾಜರಿ ಬರೆಯುವ ಹಳೆಯ ಚೆಕ್‌ರೋಲ್ ಪುಸ್ತಕ, ಕೂಲಿ ಲೆಕ್ಕ ಯಾರ ತೋಟದ ಕಪಾಟಿನಲ್ಲಾದರೂ ಇದ್ದರೆ, ಗೆದ್ದಲು ಹಿಡಿಯುವ ಮೊದಲು ಗ್ರಂಥಾಲಯಕ್ಕೆ ಕೊಡಿ.